ಊಟದ ಬದಲು ಶೇಕ್ ಕುಡಿದರೆ ತೂಕ ಇಳಿಯುತ್ತದಾ? ಯಾವ ಊಟದ ಬದಲು ಅಂತ ಮೊದಲು ನೋಡಿ

ಬೆಳಿಗ್ಗೆ, ಮಧ್ಯಾಹ್ನ ಊಟ ಬಿಟ್ಟು, ಅದರ ಬದಲಿಗೆಂದೇ ಡಬ್ಬಿಯಲ್ಲಿ ಬರುವ ಪುಡಿಯ ಶೇಕ್ ಕುಡಿದು, ಸಂಜೆ ಕೊಬ್ಬು ಕರಗಿಸುತ್ತದೆ ಅಂತ ಮಾರುವ ಒಂದು ಫ್ಯಾಟ್ ಬರ್ನರ್ ಮಾತ್ರೆ ತಗೊಂಡರೆ ತೂಕ ನಿಜವಾಗಿಯೂ ಇಳಿಯುತ್ತದಾ ಅಂತ ಕೇಳಿದ್ದೀರಿ. ನಾಲ್ಕು ವರ್ಷದ ಹಿಂದೆ ನಾನು ಮಾಡಿದ್ದು ಇದನ್ನೇ. ಹೊತ್ತು ಕೂಡ ಅದೇ. ಓದಿ ಸುಮ್ನೆ ಮುಂದೆ ಹೋಗೋಕೆ ಮನಸ್ಸಾಗಲಿಲ್ಲ.

ಆಗ ನನ್ನ ತೂಕ 91 ಕೆಜಿ. ಎರಡು ಮಹಡಿ ಹತ್ತಿದರೆ ಏದುಸಿರು ಬರುತ್ತಿತ್ತು. ಬಗ್ಗಿ ಷೂ ಲೇಸ್ ಕಟ್ಟುವಾಗ ಉಸಿರು ಹಿಡಿದುಕೊಳ್ಳಬೇಕಿತ್ತು. ಒಂದು ದಿನ ತಡೆಯಲಾಗದೆ ಎರಡು ದೊಡ್ಡ ಡಬ್ಬಿ ಪುಡಿ ತಂದೆ. ಒಂದು ಶೇಕಿಗೆ 220 ಕ್ಯಾಲೊರಿ, 20 ಗ್ರಾಂ ಪ್ರೋಟೀನ್, ಜೊತೆಗೆ ವಿಟಮಿನ್, ಖನಿಜ, ಸ್ವಲ್ಪ ನಾರು. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು. ರಾತ್ರಿ ಮಾಮೂಲಿ ಊಟ.

ಮೊದಲ ವಾರ 2 ಕೆಜಿ ಇಳಿಯಿತು. ಸಿಕ್ಕಿದವರಿಗೆಲ್ಲ ಹೇಳಿಕೊಂಡು ಬಂದೆ. ಅದರಲ್ಲಿ ಬಹುಪಾಲು ನೀರು ಅಂತ ಆಗ ನನಗೆ ಗೊತ್ತಿರಲಿಲ್ಲ. ನಮ್ಮ ಲಿವರ್ ಮತ್ತು ಸ್ನಾಯುಗಳಲ್ಲಿ ಗ್ಲೈಕೋಜನ್ ಅಂತ ಒಂದು ಸಕ್ಕರೆ ದಾಸ್ತಾನು ಇರುತ್ತದೆ, ಅದರ ಒಂದೊಂದು ಗ್ರಾಂ ಸುಮಾರು 3 ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಊಟ ಇದ್ದಕ್ಕಿದ್ದಂತೆ ಕಡಿಮೆಯಾದರೆ ದೇಹ ಮೊದಲು ಕೈ ಹಾಕುವುದು ಆ ದಾಸ್ತಾನಿಗೆ, ನೀರೂ ಅದರ ಜೊತೆ ಹೊರಟುಹೋಗುತ್ತದೆ. ಮತ್ತೆ ಸರಿಯಾಗಿ ಊಟ ಮಾಡಿದ ವಾರವೇ ಅದು ವಾಪಸ್. ಅದಕ್ಕೇ ಮೊದಲ ವಾರದ ಅಂಕಿ ನೋಡಿ ಯಾವ ತೀರ್ಮಾನಕ್ಕೂ ಬರಬೇಡಿ.

ಆರನೇ ವಾರಕ್ಕೆ 86. ಅಲ್ಲಿಗೆ ನಿಂತಿತು. ಹತ್ತನೇ ವಾರಕ್ಕೆ 88. ಬೇಸತ್ತು ಶೇಕ್ ಬಿಟ್ಟೆ. ಬಿಟ್ಟು ಮೂರು ತಿಂಗಳಿಗೆ 93, ಅಂದರೆ ಶುರು ಮಾಡಿದ್ದಕ್ಕಿಂತ 2 ಕೆಜಿ ಜಾಸ್ತಿ.

ಶೇಕ್ ಮೋಸ ಅಂತ ಊರೆಲ್ಲ ಹೇಳಿಕೊಂಡು ತಿರುಗಿದೆ. ಆ ಮಾತು ತಪ್ಪಾಗಿತ್ತು. ತಪ್ಪು ಎಲ್ಲಿತ್ತು ಅನ್ನೋದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಯಾಕಂದರೆ ನಿಮ್ಮ ಪ್ರಶ್ನೆಯಲ್ಲೂ ಅದೇ ಕಾಣುತ್ತಿದೆ.

ನನ್ನ ಬೆಳಗಿನ ತಿಂಡಿ ಸುಮಾರು 350 ಕ್ಯಾಲೊರಿ ಇರುತ್ತಿತ್ತು. ಅದರ ಜಾಗಕ್ಕೆ 220ರ ಶೇಕ್ ಬಂತು. ಉಳಿದದ್ದು 130. ಮಧ್ಯಾಹ್ನದ ಊಟ ಸುಮಾರು 550. ಅಲ್ಲಿ ಉಳಿದದ್ದು 330. ಎರಡೂ ಸೇರಿ ದಿನಕ್ಕೆ 460. ಕಾಗದದ ಮೇಲೆ ಚೆನ್ನಾಗಿದೆ ಅಲ್ವಾ? ಆದರೆ ನನ್ನ ತೂಕ ಏರಿಸಿದ್ದು ಈ ಎರಡು ಊಟಗಳಲ್ಲ. ಬೆಳಿಗ್ಗೆ ಅವಸರದಲ್ಲಿ ತಿನ್ನುತ್ತಿದ್ದೆ, ಹಾಗಾಗಿ ಕಡಿಮೆ. ಮಧ್ಯಾಹ್ನ ನಾಲ್ಕು ಜನರ ಜೊತೆ ಕೂತು, ತಟ್ಟೆಗೆ ಹಾಕಿಕೊಂಡು ತಿನ್ನುತ್ತಿದ್ದೆ, ಹಾಗಾಗಿ ಅದೂ ಮಿತಿಯಲ್ಲೇ ಇರುತ್ತಿತ್ತು. ಸರಿಯಾಗಿದ್ದ ಎರಡು ಊಟಗಳನ್ನು ಕಿತ್ತುಹಾಕಿ, ಕೆಟ್ಟಿದ್ದ ಹೊತ್ತನ್ನು ಹಾಗೇ ಬಿಟ್ಟಿದ್ದೆ.

ಕೆಟ್ಟಿದ್ದ ಹೊತ್ತು ರಾತ್ರಿ ಹತ್ತರ ನಂತರದ್ದು. ಮನೆಯವರೆಲ್ಲ ಮಲಗಿರುತ್ತಿದ್ದರು. ಅಡುಗೆಮನೆಯ ದೀಪ ಕೂಡ ಹಾಕುತ್ತಿರಲಿಲ್ಲ, ಫ್ರಿಜ್ ಬಾಗಿಲು ತೆರೆದರೆ ಬರುವ ಬೆಳಕೇ ಸಾಕಾಗುತ್ತಿತ್ತು. ಪೀನಟ್ ಬಟರ್ ಡಬ್ಬಿಗೆ ಚಮಚ ಹಾಕಿ, ನಿಂತಲ್ಲೇ, ಬಾಯಿಗೆ. ಎರಡು ದೊಡ್ಡ ಚಮಚ ಅಂದರೆ ಸುಮಾರು 190 ಕ್ಯಾಲೊರಿ. ಒಂದು ಹಿಡಿ ಬಾದಾಮಿ, 170ರ ಮೇಲೆ. ಆಮೇಲೆ ಪಾತ್ರೆಯಲ್ಲಿ ಉಳಿದದ್ದು, ಆಮೇಲೆ ಬಿಸ್ಕತ್ತು. ತಟ್ಟೆ ಇಲ್ಲ, ಕೂತಿಲ್ಲ, ಹಾಗಾಗಿ ಅದು ಊಟದ ಲೆಕ್ಕಕ್ಕೇ ಬರುತ್ತಿರಲಿಲ್ಲ. ಯಾರಾದರೂ ದಿನಕ್ಕೆ ಏನೇನು ತಿನ್ನುತ್ತೀರಿ ಅಂತ ಕೇಳಿದರೆ ಎರಡು ಶೇಕ್, ರಾತ್ರಿ ಒಂದು ಊಟ ಅಂತ ಹೇಳುತ್ತಿದ್ದೆ. ಸುಳ್ಳು ಹೇಳುತ್ತಿದ್ದೇನೆ ಅಂತ ನನಗೇ ಅನ್ನಿಸುತ್ತಿರಲಿಲ್ಲ.

ಶೇಕ್ ಶುರು ಮಾಡಿದ ಮೇಲೆ ಈ ರಾತ್ರಿಯ ತಿನ್ನುವಿಕೆ ಹೆಚ್ಚಾಯಿತು. ದ್ರವ ಆಹಾರ ಅಗಿದು ತಿಂದ ಊಟದಷ್ಟು ಹೊತ್ತು ಹೊಟ್ಟೆ ತುಂಬಿಸುವುದಿಲ್ಲ. ಹಗಲಿಡೀ 440 ಕ್ಯಾಲೊರಿಯಲ್ಲಿ ಕಳೆದರೆ ರಾತ್ರಿ ಏಳಕ್ಕೇ ತಲೆ ಹಿಡಿದ ಹಾಗಾಗುತ್ತಿತ್ತು. ಮೊದಲ ನಾಲ್ಕೈದು ವಾರ ಹಟ ಮಾಡಿ ತಡೆದುಕೊಂಡೆ. ಇಳಿದ ತೂಕ ಆ ವಾರಗಳದ್ದು. ಆಮೇಲೆ ಹಟ ಸೋತಿತು.

ಈ ಹಂತದಲ್ಲೇ ನಾನು ಮಾತ್ರೆ ಸೇರಿಸಿದ್ದು. ತೂಕ ನಿಂತಿದೆ, ಸ್ವಲ್ಪ ತಳ್ಳಬೇಕು ಅಂತ. ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಒಂದು ಕ್ಯಾಪ್ಸೂಲಿಗೆ 200 ಮಿಲಿಗ್ರಾಂ ಕೆಫೀನ್ ಅಂತ ಇತ್ತು. ಸಂಜೆ ಐದಕ್ಕೆ ಎರಡು ನುಂಗುತ್ತಿದ್ದೆ. ಆರೋಗ್ಯವಾಗಿರುವ ದೊಡ್ಡವರಿಗೆ ಇಡೀ ದಿನಕ್ಕೆ 400 ಮಿಲಿಗ್ರಾಂ ತನಕ ಪರವಾಗಿಲ್ಲ ಅಂತಾರೆ. ನಾನು ಅಷ್ಟನ್ನೂ ಒಂದೇ ಗುಟುಕಿಗೆ ಒಳಗೆ ಹಾಕುತ್ತಿದ್ದೆ, ಕುಡಿಯುತ್ತಿದ್ದ ಕಾಫಿ ಬೇರೆ. ಕೆಫೀನ್ ಅರ್ಧದಷ್ಟು ದೇಹದಿಂದ ಹೋಗಲಿಕ್ಕೆ ಸುಮಾರು 5 ಗಂಟೆ ಬೇಕು. ರಾತ್ರಿ ಹತ್ತಕ್ಕೆ ಇನ್ನೂ 200 ಮಿಲಿಗ್ರಾಂ ರಕ್ತದಲ್ಲಿ ಓಡಾಡುತ್ತಿತ್ತು, ಮಲಗುವ ಹೊತ್ತಿಗೆ ಎರಡು ಲೋಟ ಕಾಫಿ ಕುಡಿದ ಹಾಗೆ. ಎದೆ ಡವಡವ. ನಿದ್ದೆ ಎರಡು ಗಂಟೆಗೆ. ನಿದ್ದೆ ಕೆಟ್ಟರೆ ಹಸಿವು ಏರುತ್ತದೆ, ಮರುದಿನ ತಿನ್ನುವುದು ಜಾಸ್ತಿಯಾಗುತ್ತದೆ. ಎದ್ದಿದ್ದ ಅಷ್ಟೂ ಹೊತ್ತು ನಾನು ಎಲ್ಲಿದ್ದೆ? ಫ್ರಿಜ್ ಮುಂದೆ.

ಯಾವ ಹೊತ್ತು ನನ್ನನ್ನು ಹಾಳು ಮಾಡುತ್ತಿತ್ತೋ ಆ ಹೊತ್ತನ್ನೇ ನಾಲ್ಕು ಗಂಟೆ ಉದ್ದ ಮಾಡಿಕೊಂಡಿದ್ದೆ, ಅದೂ ದುಡ್ಡು ಕೊಟ್ಟು.

ಇದು ಗೊತ್ತಾದದ್ದು 93 ಕೆಜಿ ಆದಮೇಲೆ. ವೈದ್ಯರು ರಕ್ತ ಪರೀಕ್ಷೆ ಮಾಡಿಸಿದಾಗ ಲಿವರ್ ಎನ್ಜೈಮ್ (ಲಿವರಿಗೆ ತೊಂದರೆಯಾದಾಗ ರಕ್ತದಲ್ಲಿ ಹೆಚ್ಚಾಗುವ ಅಂಶ) ಸ್ವಲ್ಪ ಏರಿತ್ತು. ಏನು ತಗೊಳ್ಳುತ್ತೀರಿ, ಡಬ್ಬಿ ಸಮೇತ ತನ್ನಿ ಅಂದರು. ಶೇಕ್ ಬಿಟ್ಟರೂ ಮಾತ್ರೆ ಮಾತ್ರ ಬಿಟ್ಟಿರಲಿಲ್ಲ. ಅದರಲ್ಲಿ ಕೆಫೀನ್ ಜೊತೆ ಗ್ರೀನ್ ಟೀ ಸಾರವೂ ಇತ್ತು. ಅದೇ ಕಾರಣ ಅಂತ ಅವರು ಖಡಾಖಂಡಿತವಾಗಿ ಹೇಳಲಿಲ್ಲ. ನಿಲ್ಲಿಸಿ, ಎರಡು ತಿಂಗಳು ಬಿಟ್ಟು ನೋಡೋಣ ಅಂದರು. ನಿಲ್ಲಿಸಿದೆ, ಸರಿಯಾಯಿತು. ಲೋಟದಲ್ಲಿ ಕುಡಿಯುವ ಗ್ರೀನ್ ಟೀ ಬಗ್ಗೆ ಹೆದರಬೇಕಿಲ್ಲ. ಮಾತ್ರೆಯ ಕಥೆ ಬೇರೆ. ಅದರಲ್ಲಿರುವ ಇಜಿಸಿಜಿ ಅನ್ನೋ ಅಂಶ ಪೂರಕದ ರೂಪದಲ್ಲಿ ದಿನಕ್ಕೆ 800 ಮಿಲಿಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಹೋದರೆ ಲಿವರಿಗೆ ಪೆಟ್ಟಾಗುವ ಲಕ್ಷಣಗಳು ಕಾಣುತ್ತವೆ ಅಂತ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2018ರಲ್ಲೇ ಹೇಳಿದೆ.

ಆ ವೈದ್ಯರೇ ಒಬ್ಬ ಡಯಟೀಷಿಯನ್ ಹತ್ತಿರ ಕಳಿಸಿದರು. ಆಕೆ ನನಗೆ ಯಾವ ಪಟ್ಟಿಯನ್ನೂ ಕೊಡಲಿಲ್ಲ. ಒಂದು ಸಣ್ಣ ನೋಟ್‌ಬುಕ್ ಕೊಟ್ಟು, ಏಳು ದಿನ ತಿಂದದ್ದನ್ನೆಲ್ಲ ಬರೆಯಿರಿ, ಏನು ಅನ್ನೋದಕ್ಕಿಂತ ಮೊದಲು ಗಂಟೆ ಬರೆಯಿರಿ ಅಂದರು. ನಿಂತು ತಿಂದದ್ದೂ ಸೇರಿ. ಎರಡನೇ ರಾತ್ರಿ ಚಮಚ ಒಂದು ಕೈಯಲ್ಲಿ, ಪೆನ್ನು ಇನ್ನೊಂದು ಕೈಯಲ್ಲಿ ಹಿಡಿದು 11:40 ಅಂತ ಬರೆಯುವಾಗ ಕೈ ನಿಂತುಹೋಯಿತು. ವಾರ ಕಳೆದ ಮೇಲೆ ಆಕೆ ಪ್ರತಿ ಪುಟದಲ್ಲೂ ರಾತ್ರಿ ಒಂಬತ್ತರ ಜಾಗಕ್ಕೆ ಒಂದು ಕೆಂಪು ಗೆರೆ ಎಳೆದು ಮೇಲಿನದನ್ನೂ ಕೆಳಗಿನದನ್ನೂ ಬೇರೆ ಬೇರೆ ಕೂಡಿಸಿದರು. ಒಂದು ಪುಟ ಇನ್ನೂ ನೆನಪಿದೆ. ಗೆರೆಯ ಮೇಲೆ 1300, ಕೆಳಗೆ 1150. ಆಕೆ ಏನೂ ಬೈಯಲಿಲ್ಲ. ಪುಟವನ್ನು ನನ್ನ ಕಡೆ ತಿರುಗಿಸಿ ಇಟ್ಟರು, ಅಷ್ಟೇ.

ಅದಕ್ಕೇ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಶೇಕ್ ಕೆಲಸ ಮಾಡುತ್ತದಾ ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ. ಅದು ಏನನ್ನು ಹೊರಗೆ ಹಾಕುತ್ತಿದೆ ಅಂತ ಕೇಳಿ. ಯುರೋಪಿನಲ್ಲಿ ಈ ಶೇಕ್‌ಗಳ ಡಬ್ಬಿ ಮೇಲೆ ಏನು ಬರೆಯಬಹುದು ಅನ್ನೋದಕ್ಕೆ 2012ರಿಂದ ನಿಯಮ ಇದೆ: ದಿನದ ಎರಡು ಮುಖ್ಯ ಊಟದ ಬದಲು ತಗೊಂಡರೆ ತೂಕ ಇಳಿಸಲು, ಒಂದರ ಬದಲು ತಗೊಂಡರೆ ಇಳಿದದ್ದನ್ನು ಉಳಿಸಿಕೊಳ್ಳಲು ನೆರವಾಗುತ್ತದೆ ಅಂತ. ಆದರೆ ಒಂದು ಷರತ್ತು, ದಿನದ ಒಟ್ಟು ಕ್ಯಾಲೊರಿ ಕಡಿಮೆ ಇರಬೇಕು. ನಾನು ಎಡವಿದ್ದು ಆ ಷರತ್ತಿನಲ್ಲೇ.

ಸರಿಯಾಗಿ ಬಳಸಿದರೆ ಶೇಕ್ ಎಷ್ಟು ಕೆಲಸ ಮಾಡುತ್ತದೆ ಅನ್ನೋದಕ್ಕೆ ಬ್ರಿಟನ್ನಿನ ಡೈರೆಕ್ಟ್ ಅನ್ನೋ ಅಧ್ಯಯನ ಒಳ್ಳೆ ಉದಾಹರಣೆ. ಮೊದಲ ಫಲಿತಾಂಶ ಬಂದದ್ದು 2017ರಲ್ಲಿ. ಟೈಪ್ 2 ಮಧುಮೇಹ ಇದ್ದವರಿಗೆ ಮೂರರಿಂದ ಐದು ತಿಂಗಳು ಊಟವೇ ಇಲ್ಲ, ಬರೀ ಶೇಕ್ ಮತ್ತು ಸೂಪ್, ದಿನಕ್ಕೆ ಸುಮಾರು 850 ಕ್ಯಾಲೊರಿ. ಒಂದು ವರ್ಷಕ್ಕೆ ಸರಾಸರಿ 10 ಕೆಜಿ ಇಳಿಯಿತು. ಶೇಕಡ 46 ಜನರಲ್ಲಿ ಮಧುಮೇಹವೇ ಹಿಂದೆ ಸರಿದು ಔಷಧ ಬೇಡವಾಯಿತು. ಆದರೆ ಅವರನ್ನು ಶೇಕ್ ಡಬ್ಬಿ ಕೊಟ್ಟು ಮನೆಗೆ ಕಳಿಸಿಬಿಡಲಿಲ್ಲ. ಊಟವನ್ನು ವಾರಗಟ್ಟಲೆ, ಹಂತ ಹಂತವಾಗಿ ವಾಪಸ್ ತಂದರು, ಆಮೇಲೂ ನರ್ಸ್ ಅಥವಾ ಡಯಟೀಷಿಯನ್ ತಿಂಗಳು ತಿಂಗಳು ನೋಡುತ್ತಿದ್ದರು. ಅಷ್ಟಾದರೂ ವರ್ಷ ಕಳೆದಂತೆ ಒಂದಿಷ್ಟು ತೂಕ ಮರಳಿತು. ಹಾಗಿರುವಾಗ ನನ್ನ ಹಾಗೆ ಒಂದು ಸೋಮವಾರ ಶುರು ಮಾಡಿ ಇನ್ನೊಂದು ಸೋಮವಾರ ಬಿಟ್ಟರೆ ಏನಾಗಬೇಕು ಹೇಳಿ.

ಮಾತ್ರೆ ಬೇಡ. ಇದರಲ್ಲಿ ನನಗೆ ಎರಡು ಮಾತಿಲ್ಲ. ಗಾರ್ಸಿನಿಯಾ ಅನ್ನೋ ಹಣ್ಣಿನ ಸಾರವನ್ನು ತೂಕ ಇಳಿಸಲು ಅಂತ ಮಾರುತ್ತಾರಲ್ಲ, ಅದನ್ನು 1998ರಲ್ಲೇ 135 ಜನರ ಮೇಲೆ 12 ವಾರ ಪರೀಕ್ಷಿಸಿ ನೋಡಿದ್ದಾರೆ. ಏನೂ ಔಷಧ ಇಲ್ಲದ ತೋರಿಕೆಯ ಮಾತ್ರೆಗಿಂತ ಹೆಚ್ಚೇನೂ ಮಾಡಲಿಲ್ಲ. ತೂಕ ಇಳಿಸಲು ಕೊಡುತ್ತಿದ್ದ ಸಿಬುಟ್ರಮಿನ್ ಅನ್ನೋ ಔಷಧ ಹೃದಯಕ್ಕೆ ಅಪಾಯ ಅಂತ 2010ರಲ್ಲಿ ಅಮೆರಿಕ, ಯುರೋಪಿನ ಮಾರುಕಟ್ಟೆಯಿಂದ ಹೋಯಿತು. ಅದೇ ಔಷಧ ಪೂರ್ತಿ ನೈಸರ್ಗಿಕ ಅಂತ ಬರೆದ ಮಾತ್ರೆಗಳೊಳಗೆ ಗುಟ್ಟಾಗಿ ಸೇರಿರುವುದು ಆಮೇಲೂ ಎಷ್ಟೋ ಸಲ ಸಿಕ್ಕಿಬಿದ್ದಿದೆ. ಡಬ್ಬಿ ಮೇಲೆ ಎಲೆ ಚಿತ್ರ ಇದ್ದ ಮಾತ್ರಕ್ಕೆ ನಂಬಬೇಡಿ.

ಇನ್ನೊಂದು ಗೊಂದಲ ನಿಮ್ಮ ಮಾತಿನಲ್ಲಿ ಕಂಡಿತು. ಪ್ರೋಟೀನ್ ಪುಡಿಯೂ ಊಟದ ಬದಲಿನ ಶೇಕೂ ಒಂದೇ ಅಲ್ಲ. ಪ್ರೋಟೀನ್ ಪುಡಿಯಲ್ಲಿ ಒಂದು ಅಳತೆಗೆ ಸುಮಾರು 120 ಕ್ಯಾಲೊರಿ, ಮುಕ್ಕಾಲುಪಾಲು ಪ್ರೋಟೀನೇ. ಅದನ್ನೇ ಊಟ ಅಂತ ಕುಡಿದರೆ ವಿಟಮಿನ್, ನಾರು ಎಲ್ಲಿಂದ ಬರಬೇಕು? ಮಾಸ್ ಗೇನರ್ ಅಂತ ಬರುವುದಂತೂ ತೂಕ ಏರಿಸಲೆಂದೇ ಮಾಡಿದ್ದು. ಡಬ್ಬಿಗಳು ನೋಡಲು ಒಂದೇ ಥರ ಇರುತ್ತವೆ, ತಿರುಗಿಸಿ ಹಿಂದೆ ಓದಿ.

ಎರಡನೇ ಸಲ ನಾನು ಮಾಡಿದ್ದು ಇಷ್ಟು. ಬೆಳಿಗ್ಗೆ, ಮಧ್ಯಾಹ್ನ ಹೊಟ್ಟೆ ತುಂಬ ಊಟ, ಎರಡರಲ್ಲೂ ಮೊಟ್ಟೆ, ಮೊಸರು, ಕಾಳು ಹೀಗೆ ಪ್ರೋಟೀನ್ ಇರೋದು ಏನಾದರೂ, ಜೊತೆಗೆ ತರಕಾರಿ. ಶೇಕ್ ರಾತ್ರಿಗೆ ಹೋಯಿತು. ಎಂಟೂವರೆಗೆ ಒಂದು ಬಟ್ಟಲು ತರಕಾರಿ, ಒಂದು ಶೇಕ್. ಕುಡಿದು, ಶೇಕರ್ ತೊಳೆದು, ಅದರೊಳಗಿನ ತಂತಿ ಚೆಂಡನ್ನು ಒಣಗಲು ಇಟ್ಟರೆ ಅವತ್ತಿನ ಅಡುಗೆಮನೆ ಮುಗಿದ ಹಾಗೆ. ಹಗಲು ಹೊಟ್ಟೆ ತುಂಬಿದ್ದರಿಂದ ರಾತ್ರಿಯ ಆ ಹುಚ್ಚು ಹಸಿವು ಮೂರೇ ವಾರದಲ್ಲಿ ಅರ್ಧಕ್ಕರ್ಧ ಇಳಿಯಿತು. ಕಾಫಿ ಮಧ್ಯಾಹ್ನ ಎರಡರ ನಂತರ ಬಂದ್. 93ರಿಂದ 82ಕ್ಕೆ ಬರಲು ಹನ್ನೊಂದು ತಿಂಗಳು ಬೇಕಾಯಿತು. ನಿಧಾನವೇ. ಆಮೇಲೆ ಶೇಕನ್ನು ದಿನ ಬಿಟ್ಟು ದಿನ ಮಾಡಿದೆ, ಎರಡು ತಿಂಗಳು ಹಾಗೇ ನಡೆಸಿ ನಿಲ್ಲಿಸಿದೆ. ಈಗ ತಡವಾಗಿ ಮನೆಗೆ ಬಂದ ದಿನಕ್ಕೆ ಅಂತ ಒಂದು ಡಬ್ಬಿ ಇಟ್ಟುಕೊಂಡಿರುತ್ತೇನೆ.

ನೀವು ಇನ್ನೂ ಡಬ್ಬಿ ತಂದಿಲ್ಲ ಅಂದಿದ್ದೀರಿ, ಒಳ್ಳೆಯದಾಯಿತು. ಮೊದಲು ಏಳು ದಿನ ಗಂಟೆ ಸಮೇತ ಬರೆಯಿರಿ, ಈಗ ತಿನ್ನುವ ಹಾಗೇ ತಿನ್ನುತ್ತಾ. ಯಾವ ಹೊತ್ತು ಕೈ ಮೀರಿದೆಯೋ ಅಲ್ಲಿಗೆ ಮಾತ್ರ ಶೇಕ್ ತನ್ನಿ. ಅದು ಸಂಜೆ ನಾಲ್ಕಕ್ಕೂ ಇರಬಹುದು, ಎಲ್ಲರದೂ ನನ್ನ ಹಾಗೆ ರಾತ್ರಿಯೇ ಇರಬೇಕಂತಿಲ್ಲ. ಸಕ್ಕರೆ ಕಾಯಿಲೆಗೋ ಬಿಪಿಗೋ ಮಾತ್ರೆ ತಗೊಳ್ಳುತ್ತಿದ್ದರೆ ವೈದ್ಯರನ್ನು ಕೇಳದೆ ಊಟ ಕಡಿಮೆ ಮಾಡಲೇಬೇಡಿ, ಹಳೇ ಡೋಸ್ ಹಾಗೇ ಮುಂದುವರಿದರೆ ಸಕ್ಕರೆಯೋ ಬಿಪಿಯೋ ತೀರಾ ಕುಸಿಯಬಹುದು. ಆ ಬ್ರಿಟನ್ ಅಧ್ಯಯನದಲ್ಲಿ ಶೇಕ್ ಶುರುವಾದ ದಿನವೇ ವೈದ್ಯರು ಆ ಮಾತ್ರೆಗಳನ್ನು ನಿಲ್ಲಿಸಿದ್ದರು, ತಾವಾಗಿ ಯಾರೂ ನಿಲ್ಲಿಸಿದ್ದಲ್ಲ. ಕಿಡ್ನಿ ತೊಂದರೆ ಇದ್ದವರು, ಬಸುರಿಯರು, ಹಾಲೂಡಿಸುವವರು ಕೂಡ ಕೇಳಿಯೇ ಮುಂದುವರಿಯಬೇಕು. ವಾರಕ್ಕೆ ಒಂದೂವರೆ ಕೆಜಿಗಿಂತ ವೇಗವಾಗಿ ಇಳಿಯುತ್ತಿದ್ದರೆ ಖುಷಿಪಡಬೇಡಿ, ಪಿತ್ತಕೋಶದಲ್ಲಿ ಕಲ್ಲಾಗುವ ಸಾಧ್ಯತೆ ಏರುತ್ತದೆ.

ಏಳು ದಿನ ಬರೆದಾದ ಮೇಲೆ ಕೆಂಪು ಗೆರೆ ಎಲ್ಲಿ ಬಿತ್ತು ಅಂತ ಇಲ್ಲೇ ಕೆಳಗೆ ಹೇಳಿ, ಶೇಕ್ ಯಾವ ಹೊತ್ತಿಗೆ ಅನ್ನೋದನ್ನು ಅದನ್ನು ನೋಡಿ ಮಾತಾಡೋಣ.