ಬರೀ ‘ಬಿಡಿ’ ಅಂದರೆ ಸಾಲದು

ಪ್ರಶ್ನೆ: ನಾನು ದಂತ ವೈದ್ಯಕೀಯ ವಿದ್ಯಾರ್ಥಿ. ಓಪಿಡಿಗೆ ಬರುವ ಹಮಾಲರಿಗೆ ಸುಣ್ಣ-ತಂಬಾಕು ಬಿಡಿ ಅಂದರೆ ತಲೆಯಾಡಿಸಿ ಹೋಗುತ್ತಾರೆ. ನಾನೂ ದಿನಕ್ಕೆ ನಾಲ್ಕೈದು ಸಿಗರೇಟು ಸೇದುವುದರಿಂದ ಗಟ್ಟಿಯಾಗಿ ಹೇಳಲು ಬಾಯಿ ಬರುವುದಿಲ್ಲ. ಏನು ಮಾಡಲಿ?
—ಓದುಗ, ರಾಯಚೂರು

ಉತ್ತರ: ಮೊದಲು ಕೇಳಿ: ‘ಬೆಳಿಗ್ಗೆ ಎದ್ದು ಎಷ್ಟೊತ್ತಿಗೆ ಹಾಕ್ತೀರಿ?’ ಅರ್ಧ ತಾಸಿನೊಳಗೆ ಅಂದರೆ ತಂಬಾಕಿನಲ್ಲಿ ಚಟ ಹಿಡಿಸುವ ನಿಕೋಟಿನ್‌ನ ಹಿಡಿತ ಬಲವಾಗಿದೆ. ಆಮೇಲೆ ಕೈಗೆ ಕನ್ನಡಿ ಕೊಟ್ಟು, ತಂಬಾಕು ಇಡುವ ಕೆಳತುಟಿಯ ಒಳಗೆ ಬೆಳ್ಳಗೆ ಸುಕ್ಕುಗಟ್ಟಿದ ಜಾಗ ತೋರಿಸಿ. ಪೋಸ್ಟರಿಗಿಂತ ಆ ಕನ್ನಡಿಯೇ ಹೆಚ್ಚು ಮಾತಾಡುತ್ತದೆ. ತಂಬಾಕು ಬಿಡಲು ಎರಡು ವಾರದೊಳಗಿನ ಒಂದು ದಿನವನ್ನು ಅವರ ಬಾಯಿಂದಲೇ ಹೇಳಿಸಿ, ಕೇಸ್ ಶೀಟಿನಲ್ಲಿ ಬರೆದಿಡಿ. ಬಿಟ್ಟ ಮೊದಲ ವಾರವೇ ಜಾರುವುದು ಹೆಚ್ಚು. ಆಗ ತಪ್ಪದೆ ಫೋನ್ ಮಾಡಿ.

ಚಟ ಬಿಡಲು ನೆರವಾಗುವ ನಿಕೋಟಿನ್ ಗಮ್ ಕೊಟ್ಟರೆ ಬಳಸುವುದನ್ನೂ ಕಲಿಸಿ. ಬಬಲ್ ಗಮ್‌ನಂತೆ ಅಗಿದರೆ ರಸ ಹೊಟ್ಟೆಗಿಳಿದು ಬಿಕ್ಕಳಿಕೆ, ಓಕರಿಕೆ ಬರುತ್ತದೆ. ‘ಇದು ನನಗೆ ಆಗಲ್ಲ’ ಎಂದು ಬಿಸಾಡುತ್ತಾರೆ. ನಾಲಿಗೆ ಚುರುಗುಟ್ಟುವವರೆಗೆ ನಿಧಾನವಾಗಿ ಅಗಿದು, ಕೆನ್ನೆ-ವಸಡಿನ ನಡುವೆ ಇಡಬೇಕು. ಚುರುಚುರು ನಿಂತ ಮೇಲೆ ಮತ್ತೆ ಅಗಿಯಬೇಕು. ಹೀಗೆ ಸುಮಾರು 30 ನಿಮಿಷ. ಗಮ್‌ಗೆ 15 ನಿಮಿಷ ಮೊದಲು ಚಹಾ, ಕಾಫಿ ಬೇಡ. ಬಾಯಿ ಹುಳಿಯಾದರೆ ನಿಕೋಟಿನ್ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಗುಟ್ಕಾದಿಂದ ಬಾಯಿ ಬಿಗಿದವರಿಗೆ ಅಗಿಯುವುದೇ ಕಷ್ಟ, ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪ್ಯಾಚ್ ಯೋಚಿಸಿ. ಅಂಥವರು ಬರೀ ಅಡಿಕೆಯನ್ನೂ ಬಿಡಬೇಕು, ಏಕೆಂದರೆ ಬಾಯಿ ಬಿಗಿಯುವುದು ಮುಖ್ಯವಾಗಿ ಅಡಿಕೆಯಿಂದ.

ನಿಮ್ಮ ಸಿಗರೇಟಿಗೂ ಇವತ್ತೇ ದಿನ ಗೊತ್ತುಮಾಡಿ. ತಂಬಾಕು ಬಿಡಲು ನೆರವಾಗುವ ಸಹಾಯವಾಣಿ 1800-11-2356ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಉಚಿತ ಸಲಹೆ ಸಿಗುತ್ತದೆ.