ಹಳೆ ಮಿಲಿಟರಿ ಟ್ರಕ್ಕಿನ ಚಾಸಿ ಮೇಲೆ ಟ್ರೇಲರ್ ಬಾಕ್ಸನ್ನು ನೇರವಾಗಿ ಬೋಲ್ಟ್ ಹಾಕಿ ಕೂರಿಸಬಹುದಾ?

ನೇರವಾಗಿ ಬೇಡ. ಕೂರಿಸಬಹುದು, ಗಟ್ಟಿಮುಟ್ಟಾಗಿಯೇ ಕೂರಿಸಬಹುದು. ಆದರೆ ಬಾಕ್ಸಿಗೂ ಚಾಸಿಗೂ ನಡುವೆ ಒಂದು ಸಬ್‌ಫ್ರೇಮ್, ಅಂದರೆ ಬಾಕ್ಸನ್ನು ಹೊರುವ ಬೇರೆಯದೇ ಚೌಕಟ್ಟು, ಇರಲೇಬೇಕು, ಅದು ಚಾಸಿಗೆ ತಿರುಚಿಕೊಳ್ಳಲು ಜಾಗ ಬಿಡಬೇಕು.

ನೀವು ಬರೆದಿರುವುದು ಇಷ್ಟು: ಹರಾಜಿನಲ್ಲಿ ಸಿಕ್ಕ ಸ್ಟಾಲಿಯನ್ (ಅಶೋಕ್ ಲೇಲ್ಯಾಂಡಿನ ಸೈನ್ಯದ ಟ್ರಕ್ಕು) ಫೋರ್ ವೀಲ್ ಡ್ರೈವ್ ಗಾಡಿ ಇದೆ. ಹಳೆ ಟ್ರೇಲರ್ ಮೇಲಿದ್ದ ಕಬ್ಬಿಣದ ಮುಚ್ಚಿದ ಬಾಕ್ಸ್ ಇದೆ. ಒಳಗೆ ಸಣ್ಣ ಲೇತು, ಜನರೇಟರ್, ವೆಲ್ಡಿಂಗ್ ಸೆಟ್ ಇಟ್ಟುಕೊಂಡು ಮಂಡ್ಯ ಸುತ್ತಿನ ಗದ್ದೆಗಳಿಗೇ ಹೋಗಿ ಪಂಪ್‌ಸೆಟ್ ರಿಪೇರಿ ಮಾಡಬೇಕು. ತುಂಬಾ ಒಳ್ಳೆ ಯೋಚನೆ. ನಾನು ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಲಾರಿ ಬಾಡಿ ಕಟ್ಟುವ ಕೆಲಸದಲ್ಲಿದ್ದೇನೆ. ಇಂಥ ಕೆಲಸ ಸರಿಯಾಗಿ ಆಗಬೇಕು ಅನ್ನುವ ಆಸೆಯಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಗ್ಯಾಸ್ ಕಟರ್ ಮುಟ್ಟುವ ಮೊದಲು ಕಾಗದಪತ್ರ ನೋಡಿ. ಸೈನ್ಯದಿಂದ ಬಂದ ಗಾಡಿಯನ್ನು ನೋಂದಣಿ ಮಾಡಿಸಲು ಫಾರಂ 20ರ ಅರ್ಜಿಯ ಜೊತೆ, ಆ ಮಿಲಿಟರಿ ಅಧಿಕಾರಿಗಳೇ ಕೊಟ್ಟ ಫಾರಂ 21ರ ಮೂಲ ಮಾರಾಟ ಪತ್ರ ಬೇಕು. ನಡುವೆ ಎರಡು ಕೈ ಬದಲಾಗಿ ಆ ಪತ್ರವೇ ಇಲ್ಲ ಅಂದರೆ ಅಲ್ಲಿಗೇ ನಿಲ್ಲಿಸಿ. ಬಾಡಿ ಕಟ್ಟಿದವರಿಂದ ಫಾರಂ 22-ಎ, ಅಂದರೆ ಗಾಡಿ ರಸ್ತೆಗೆ ಯೋಗ್ಯ ಅನ್ನುವ ಪತ್ರ, ಬೇಕಾಗುತ್ತದೆ. ಗಾಡಿ ಆಗಲೇ ತೆರೆದ ಬಾಡಿ ಅಂತ ನೋಂದಣಿ ಆಗಿದ್ದರೆ, ಬಾಕ್ಸ್ ಹಾಕುವುದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕೆಳಗೆ ಬದಲಾವಣೆ ಅಂತ ಆಗುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಈ ಸೆಕ್ಷನ್ ಬಗ್ಗೆ ಬಿಗಿಯಾದ ತೀರ್ಪು ಕೊಟ್ಟ ಮೇಲೆ ಆರ್‌ಟಿಓದವರು ಸುಮ್ನೆ ಬಿಡುವುದಿಲ್ಲ. ಹಾಗಾಗಿ ಒಂದು ಡ್ರಾಯಿಂಗ್ ಮಾಡಿಸಿ, ನಿಮ್ಮ ಮಂಡ್ಯದ ಆರ್‌ಟಿಓ (ಕೆಎ-11) ಆಫೀಸಿನಲ್ಲಿ ಮೊದಲೇ ತೋರಿಸಿ, ಬರವಣಿಗೆಯಲ್ಲಿ ಒಪ್ಪಿಗೆ ತಗೊಳ್ಳಿ.

ಈಗ ಮುಖ್ಯ ವಿಷಯ. ನಿಮ್ಮ ಗಾಡಿಯ ಫ್ರೇಮು ತಿರುಚಿಕೊಳ್ಳಲಿ ಅಂತಲೇ ಮಾಡಿದ್ದು. ಎರಡು ಉದ್ದದ ಸಿ ಚಾನಲ್, ನಡುವೆ ಅಡ್ಡ ಮೆಂಬರ್‌ಗಳು. ಸಿ ಚಾನಲ್ ಒಂದು ಬದಿ ತೆರೆದಿರುತ್ತದಲ್ವಾ, ಅದಕ್ಕೇ ಅದು ಭಾರಕ್ಕೆ ಬಾಗದಿದ್ದರೂ ತಿರುಚಿದರೆ ಸಲೀಸಾಗಿ ತಿರುಚಿಕೊಳ್ಳುತ್ತದೆ. ವಿಶ್ವೇಶ್ವರಯ್ಯ ನಾಲೆಯ ಏರಿಯಿಂದ ಗದ್ದೆ ದಾರಿಗೆ ಓರೆಯಾಗಿ ಇಳಿಯುವಾಗ ಮುಂದಿನ ಎಡ ಚಕ್ರ ಹಳ್ಳದಲ್ಲಿ, ಹಿಂದಿನ ಬಲ ಚಕ್ರವೂ ಹಳ್ಳದಲ್ಲಿ ಇರುತ್ತದೆ. ಆಗ ಸ್ಪ್ರಿಂಗ್ ಪಟ್ಟಾಗಳ ಜೊತೆ ಫ್ರೇಮೂ ತಿರುಗಿಕೊಂಡು ನಾಲ್ಕೂ ಚಕ್ರ ನೆಲ ಬಿಡದ ಹಾಗೆ ನೋಡಿಕೊಳ್ಳುತ್ತದೆ. ಸೈನ್ಯದ ತೆರೆದ ಬಾಡಿಗೆ ಇದರಿಂದ ಏನೂ ಆಗುವುದಿಲ್ಲ. ಮೇಲೆ ಬರೀ ಕಮಾನು, ಟಾರ್ಪಾಲು. ಅದೂ ಜೊತೆಗೇ ತಿರುಗುತ್ತದೆ.

ಮುಚ್ಚಿದ ಬಾಕ್ಸ್ ಹಾಗಲ್ಲ. ಮುಚ್ಚಳ ತೆಗೆದ ಶೂ ಡಬ್ಬಿ ಹಿಡಿದು ತಿರುಚಿ, ತಿರುಗುತ್ತದೆ. ಮುಚ್ಚಳ ಹಾಕಿ ಟೇಪ್ ಸುತ್ತಿ ತಿರುಚಿ, ಜಗ್ಗುವುದಿಲ್ಲ. ಜಗ್ಗದ ಬಾಕ್ಸನ್ನು ತಿರುಗುವ ಫ್ರೇಮಿಗೆ ಎಂಟು ಹತ್ತು ಕಡೆ ಬಿಗಿದರೆ ಎರಡರಲ್ಲಿ ಒಂದು ಸೋಲಲೇಬೇಕು. ನಮ್ಮ ಶೆಡ್ಡಿಗೆ ಹಾಗೆ ಕಟ್ಟಿದ ಗಾಡಿಯೊಂದು ರಿಪೇರಿಗೆ ಬಂದಿತ್ತು. ಬಾಗಿಲ ಚೌಕಟ್ಟಿನ ಮೇಲಿನ ಮೂಲೆಯಲ್ಲಿ ತಗಡು ಸೀಳಿತ್ತು, ಚಾವಣಿಯ ಜೋಡಣೆ ಬಿಟ್ಟು ಮಳೆ ನೀರು ಒಳಗೆ ಬರುತ್ತಿತ್ತು. ಅದನ್ನಾದರೂ ಸರಿ ಮಾಡಬಹುದು. ಕ್ಯಾಬಿನ್ ಹಿಂದೆ, ಸಬ್‌ಫ್ರೇಮ್ ಶುರುವಾಗುವ ಜಾಗದಲ್ಲಿ ಚಾಸಿ ಚಾನಲ್ಲೇ ಬಿರುಕು ಬಿಟ್ಟಿತ್ತು. ಅದು ಭಯ ಪಡಬೇಕಾದ ವಿಷಯ.

ಇದಕ್ಕೆ ದಾರಿ ಎರಡು. ಒಂದು, ಮೂರು ಪಾಯಿಂಟ್ ಪಿವಟ್, ಅಂದರೆ ಮೂರೇ ಜಾಗದಲ್ಲಿ ಹಿಡಿದು ತಿರುಗಲು ಬಿಡುವುದು. ಹಿಂದೆ ಎರಡು ಕಡೆ ಹಿಡಿತ, ಮುಂದೆ ನಡುಮಧ್ಯೆ ಒಂದೇ ಪಿನ್ನು, ಬುಶ್ಶು. ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಬಾಕ್ಸಿನ ಮುಂದಿನ ಭಾರವೆಲ್ಲ ಆ ಒಂದು ಜಾಗಕ್ಕೆ ಬರುತ್ತದೆ. ಅದಕ್ಕೆ ಬೇರೆ ಅಡ್ಡ ಮೆಂಬರ್ ಕೂರಿಸಬೇಕು. ಲೇತು, ಜನರೇಟರ್ ಹೊರುವ ನಿಮ್ಮ ಗಾಡಿಗೆ ನಾನು ಎರಡನೆಯದನ್ನೇ ಹೇಳುತ್ತೇನೆ: ಸ್ಪ್ರಿಂಗ್ ಮೌಂಟ್. ಸಬ್‌ಫ್ರೇಮಿನ ಎರಡು ಉದ್ದ ಚಾನಲ್‌ಗಳು ಚಾಸಿ ಚಾನಲ್‌ಗಳ ಮೇಲೇ ಉದ್ದಕ್ಕೂ ಕೂರುತ್ತವೆ. ಹಿಂದಿನ ಆಕ್ಸಲ್ ಹತ್ತಿರ ದಪ್ಪ ಪ್ಲೇಟ್ ಹಾಕಿ ಬಿಗಿ ಹಿಡಿತ. ಅಲ್ಲಿಂದ ಮುಂದಕ್ಕೆ ಉದ್ದ ಬೋಲ್ಟು, ಅದರ ಮೇಲೆ ಗಟ್ಟಿ ಕಾಯಿಲ್ ಸ್ಪ್ರಿಂಗು. ಸಮ ರಸ್ತೆಯಲ್ಲಿ ಭಾರ ಪೂರ್ತಿ ಉದ್ದಕ್ಕೆ ಹಂಚಿರುತ್ತದೆ. ಚಾಸಿ ತಿರುಚಿದಾಗ ಒಂದು ಬದಿಯ ಚಾನಲ್ ಸ್ಪ್ರಿಂಗನ್ನು ಒತ್ತಿಕೊಂಡು ಬೇರೆಯಾಗುತ್ತದೆ, ಆಮೇಲೆ ವಾಪಸ್ ಕೂರುತ್ತದೆ. ಪಕ್ಕಕ್ಕೆ ಜಾರದಂತೆ ಅಲ್ಲಲ್ಲಿ ಗೈಡ್ ಪ್ಲೇಟ್ ಬೇಕು.

ಎಷ್ಟು ಜಾಗ ಬಿಡಬೇಕು? ಅಂದಾಜಿನಲ್ಲಿ ಬೇಡ, ಅಳೆಯಿರಿ. ಬಾಡಿ ಇಲ್ಲದ ಚಾಸಿಯನ್ನು ನಿಲ್ಲಿಸಿ, ಮುಂದಿನ ಒಂದು ಚಕ್ರ ಮತ್ತು ಹಿಂದಿನ ಎದುರು ಬದಿಯ ಚಕ್ರದ ಕೆಳಗೆ ಗಟ್ಟಿ ದಿಮ್ಮಿ ಕೊಟ್ಟು ಎತ್ತಿ. ಕ್ಯಾಬಿನ್ ಹಿಂದೆ ಒಂದು, ಹಿಂದಿನ ಆಕ್ಸಲ್ ಮೇಲೆ ಒಂದು ಅಡ್ಡಪಟ್ಟಿ ಇಟ್ಟು ಎರಡರ ಓರೆ ನೋಡಿ. ಖಾಲಿ ಚಾಸಿ ತೋರಿಸಿದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಬಿಡಿ, ಭಾರ ಹೇರಿದ ಮೇಲೆ ಇನ್ನೂ ತಿರುಗುತ್ತದೆ. ಉದಾಹರಣೆಗೆ 5 ಡಿಗ್ರಿ ವ್ಯತ್ಯಾಸ ಬಂದರೆ, ಚಾನಲ್‌ಗಳ ನಡುವೆ 80 ಸೆಂ.ಮೀ. ಇದ್ದಾಗ ಒಂದು ಬದಿ ಸುಮಾರು 7 ಸೆಂ.ಮೀ. ಏಳಬೇಕು. ಸ್ಪ್ರಿಂಗಿಗೆ ಅಷ್ಟು ಒತ್ತಿಕೊಳ್ಳುವ ಶಕ್ತಿ ಇರಬೇಕು. ಅದೇ 5 ಡಿಗ್ರಿಗೆ, ಚಾಸಿಯಿಂದ 2 ಮೀಟರ್ ಎತ್ತರದ ಬಾಕ್ಸಿನ ತುದಿ ಕ್ಯಾಬಿನ್‌ಗೆ ಹೋಲಿಸಿದರೆ ಸುಮಾರು 17 ಸೆಂ.ಮೀ. ಪಕ್ಕಕ್ಕೆ ಸರಿಯುತ್ತದೆ. ಹಾಗಾಗಿ ಕ್ಯಾಬಿನ್ನಿಗೂ ಬಾಕ್ಸಿಗೂ ಯಾವ ಗಟ್ಟಿ ಜೋಡಣೆಯೂ ಬೇಡ. ಏಣಿ, ಕ್ಯಾರಿಯರ್, ಏರ್ ಪೈಪು ಯಾವುದೂ ಎರಡನ್ನೂ ಕಟ್ಟಿ ಹಾಕಬಾರದು. ಹಾಗೇ ಚಕ್ರ ಪೂರ್ತಿ ಮೇಲೆದ್ದಾಗ ಟೈರು ಬಾಕ್ಸಿನ ತಳಕ್ಕೆ ತಾಗುತ್ತದಾ ಅಂತಲೂ ಆಗಲೇ ನೋಡಿ.

ಟ್ರೇಲರ್ ಬಾಕ್ಸಿನಲ್ಲಿ ಇನ್ನೊಂದು ತೊಡಕಿದೆ. ಟ್ರೇಲರಿನ ಚಾನಲ್‌ಗಳು ಸಾಮಾನ್ಯವಾಗಿ ಅಗಲವಾಗಿ, ಬಾಕ್ಸಿನ ಅಂಚಿಗೆ ಹತ್ತಿರ ಇರುತ್ತವೆ. ಟ್ರಕ್ ಚಾಸಿ ಅದಕ್ಕಿಂತ ಇಕ್ಕಟ್ಟು. ಅದೇ ಬಾಕ್ಸನ್ನು ಇಲ್ಲಿ ಇಟ್ಟರೆ ಎರಡೂ ಅಂಚು ಗಾಳಿಯಲ್ಲಿ ತೂಗುತ್ತದೆ. ತಳದ ಅಡ್ಡ ಮೆಂಬರ್‌ಗಳನ್ನು ಬಲಪಡಿಸದೆ ಮುಂದುವರಿಯಬೇಡಿ. ಲೇತನ್ನು ಗೋಡೆ ಪಕ್ಕಕ್ಕೆ ಇಡುವುದಾದರೆ ಇದು ಇನ್ನೂ ಮುಖ್ಯ.

ಭಾರದ ಲೆಕ್ಕ ಸುಲಭ. ವೀಲ್‌ಬೇಸ್ (ಮುಂದಿನ, ಹಿಂದಿನ ಆಕ್ಸಲ್‌ಗಳ ನಡುವಿನ ದೂರ) 4 ಮೀಟರ್, ಸಾಮಾನು ಸಮೇತ ಬಾಕ್ಸ್ 2 ಟನ್ ಅಂದುಕೊಳ್ಳಿ. ಅದರ ತೂಕದ ಮಧ್ಯಬಿಂದು ಹಿಂದಿನ ಆಕ್ಸಲ್‌ನಿಂದ 50 ಸೆಂ.ಮೀ. ಮುಂದಿದ್ದರೆ 250 ಕೆ.ಜಿ. ಮುಂದಿನ ಆಕ್ಸಲ್‌ಗೆ, 1750 ಕೆ.ಜಿ. ಹಿಂದಕ್ಕೆ. ಅದೇ ಬಿಂದು ಆಕ್ಸಲ್‌ನಿಂದ ಹಿಂದಕ್ಕೆ ಹೋದರೆ ಮುಂದಿನ ಚಕ್ರ ಹಗುರಾಗಿ ಸ್ಟೀರಿಂಗ್ ಹಿಡಿತ ಕಮ್ಮಿಯಾಗುತ್ತದೆ. ಹಿಂದಿನ ಆಕ್ಸಲ್‌ನಿಂದ ಆಚೆ ಚಾಚುವ ಭಾಗ ವೀಲ್‌ಬೇಸಿನ ಶೇ 60 ಮೀರಬಾರದು ಅಂತ ನಿಯಮವೂ ಇದೆ. ಕಬ್ಬಿನ ಊರು ನಿಮ್ಮದು, ವೇ ಬ್ರಿಡ್ಜ್ ಹುಡುಕುವ ಕಷ್ಟವಿಲ್ಲ. ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್ ಬೇರೆ ಬೇರೆ ತೂಗಿಸಿ, ಬಾಕ್ಸ್ ಹಾಕುವ ಮೊದಲೊಮ್ಮೆ, ಆಮೇಲೊಮ್ಮೆ. ಚಾಸಿ ಎತ್ತರದ ಗಾಡಿ ಇದು, ಅದಕ್ಕೆ ಜನರೇಟರ್, ಲೇತು ನೆಲಮಟ್ಟದಲ್ಲೇ ಇರಲಿ. ಚಾವಣಿ ಮೇಲೆ ನೀರಿನ ಟ್ಯಾಂಕ್ ದಯವಿಟ್ಟು ಬೇಡ.

ಚಾಸಿಗೆ ವೆಲ್ಡಿಂಗ್ ಮಾಡಬೇಡಿ. ಬಿಸಿಯಾದ ಜಾಗದಲ್ಲಿ ಆ ಉಕ್ಕಿನ ಗುಣ ಕೆಡುತ್ತದೆ, ವೆಲ್ಡ್ ಮುಗಿಯುವ ತುದಿಯಿಂದ ಬಿರುಕು ಶುರುವಾಗುತ್ತದೆ. ಚಾನಲ್ಲಿನ ಮೇಲಿನ, ಕೆಳಗಿನ ಪಟ್ಟಿಗೆ ತೂತು ಕೊರೆಯಬೇಡಿ, ಬೇಕಾದರೆ ನಿಂತ ಗೋಡೆಯಲ್ಲಿ ಕಂಪನಿಯೇ ಕೊಟ್ಟ ತೂತುಗಳನ್ನು ಬಳಸಿ. ಹಿಂದಿನ ಬಿಗಿ ಪ್ಲೇಟಿಗೆ ಕಮ್ಮಿ ಅಂದರೂ 8.8 ಗ್ರೇಡಿನ (ಹೆಚ್ಚು ಗಟ್ಟಿ ಉಕ್ಕಿನ) ಬೋಲ್ಟ್ ಹಾಕಿ. ಎಲ್ಲಾದರೂ ಯು ಬೋಲ್ಟ್ ಹಾಕಲೇಬೇಕಾದರೆ, ಚಾನಲ್ ಒಳಗೆ ಪ್ಯಾಕಿಂಗ್ ಕೊಡಿ, ಇಲ್ಲದಿದ್ದರೆ ಬಿಗಿದಾಗ ಚಾನಲ್ ಬಾಯಿ ಮುಚ್ಚಿಕೊಳ್ಳುತ್ತದೆ. ಸೈಲೆನ್ಸರ್ ಹತ್ತಿರ ಆ ಪ್ಯಾಕಿಂಗ್ ಮರದ್ದಾಗಬಾರದು, ಬೆಂಕಿಯ ಅಪಾಯ. ಸಬ್‌ಫ್ರೇಮಿನ ಮುಂದಿನ ತುದಿಯನ್ನು ನೇರವಾಗಿ ಕತ್ತರಿಸದೆ ಓರೆಯಾಗಿ ಇಳಿಸಿ. ಬಿರುಕು ಹುಟ್ಟುವುದು ಅಲ್ಲೇ ಅಂತ ಮೇಲೆ ಹೇಳಿದೆನಲ್ಲ.

ಎಲ್ಲ ಮುಗಿದ ಮೇಲೆ ಮತ್ತೆ ಅದೇ ದಿಮ್ಮಿಗಳ ಮೇಲೆ ಗಾಡಿ ಹತ್ತಿಸಿ, ಬಾಕ್ಸಿನ ಬಾಗಿಲು ತೆಗೆದು ಹಾಕಿ ನೋಡಿ. ಬಾಗಿಲು ಎಲ್ಲೂ ಹಿಡಿಯದೆ ಓಡಾಡಿದರೆ ಬಾಕ್ಸಿಗೆ ತಿರುಚು ಮುಟ್ಟುತ್ತಿಲ್ಲ ಅಂತ ಅರ್ಥ. ಮೊದಲ 500 ಕಿ.ಮೀ. ಓಡಿದ ಮೇಲೆ ಎಲ್ಲ ಬೋಲ್ಟ್ ಇನ್ನೊಮ್ಮೆ ಬಿಗಿ ನೋಡಿ. ಚಾಸಿ ಚಾನಲ್‌ಗಳ ನಡುವಿನ ಅಗಲ, ವೀಲ್‌ಬೇಸ್, ಬಾಕ್ಸಿನ ತಳದ ಅಳತೆ ಮೂರನ್ನೂ ಕೆಳಗೆ ಹಾಕಿದರೆ, ಸ್ಪ್ರಿಂಗ್ ಎಲ್ಲೆಲ್ಲಿ ಬರಬೇಕು ಅಂತ ಗುರುತು ಹಾಕಿ ಕೊಡುತ್ತೇನೆ.