ಲಿನಕ್ಸ್‌ನಲ್ಲಿ ಕೂತು ವಿಂಡೋಸ್‌ಗೆ ಬಿಲ್ಡ್ ಮಾಡುವಾಗ ಬಿಲ್ಡ್ ಸ್ಕ್ರಿಪ್ಟ್‌ಗೆ ಟಾರ್ಗೆಟ್ ಓಎಸ್ ಗೊತ್ತಾಗೋದು ಹೇಗೆ?

ಉಬುಂಟು ಲಿನಕ್ಸ್ ಲ್ಯಾಪ್‌ಟಾಪ್‌ನಿಂದ ರಸ್ಟ್ ಭಾಷೆಯ ಪ್ರಾಜೆಕ್ಟನ್ನು ವಿಂಡೋಸ್‌ಗೆ ಬಿಲ್ಡ್ ಮಾಡ್ತಿದ್ದೀರಿ, ಆದರೆ ಅದರ ಬಿಲ್ಡ್ ಸ್ಕ್ರಿಪ್ಟ್ ಆದ ಬಿಲ್ಡ್.ಆರ್‌ಎಸ್‌ನಲ್ಲಿ ವಿಂಡೋಸ್‌ಗೆ ಅಂತಲೇ ಬರೆದ ಭಾಗ ಓಡುತ್ತಲೇ ಇಲ್ಲ, ಅಲ್ವಾ? ನಾನೂ ಇದರಲ್ಲಿ ಸಿಕ್ಕಿಕೊಂಡಿದ್ದೆ. ನನ್ನದು ಎಕ್ಸ್‌ಇ ಫೈಲಿಗೆ ಐಕಾನ್ ಸೇರಿಸುವ ಕೆಲಸ. ಬಿಲ್ಡ್ ಸಲೀಸಾಗಿ ಮುಗಿಯಿತು, ಒಂದು ವಾರ್ನಿಂಗ್ ಕೂಡ ಇಲ್ಲ. ಗೆಳೆಯನ ವಿಂಡೋಸ್ ಮಷೀನಿಗೆ ಹಾಕಿ ನೋಡಿದರೆ ಐಕಾನೇ ನಾಪತ್ತೆ. ಐಕಾನ್ ಫೈಲೇ ಕೆಟ್ಟಿದೆ ಅಂದುಕೊಂಡು ಎರಡು ಸಂಜೆ ಅದನ್ನೇ ತಿದ್ದುತ್ತಾ ಕೂತೆ.

ಬಿಲ್ಡ್.ಆರ್‌ಎಸ್ ಅನ್ನೋದು ತಾನೇ ಒಂದು ಪುಟ್ಟ ಪ್ರೋಗ್ರಾಂ. ರಸ್ಟ್‌ನ ಬಿಲ್ಡ್ ಟೂಲ್ ಆದ ಕಾರ್ಗೋ ಅದನ್ನು ನಿಮ್ಮ ಲ್ಯಾಪ್‌ಟಾಪ್‌ಗಾಗಿ ಕಂಪೈಲ್ ಮಾಡಿ, ಅಲ್ಲೇ ಓಡಿಸುತ್ತದೆ. ಅದರೊಳಗೆ ‘ಸಿಎಫ್‌ಜಿ!(ವಿಂಡೋಸ್)’ ಅಂತ ಕೇಳಿದರೆ ಸಿಗೋದು ಲ್ಯಾಪ್‌ಟಾಪಿನ ಸುದ್ದಿ. ಅದು ಲಿನಕ್ಸ್ ತಾನೇ, ಹಾಗಾಗಿ ‘ಇಲ್ಲ’ ಅನ್ನುತ್ತದೆ.

ಟಾರ್ಗೆಟ್, ಅಂದರೆ ತಯಾರಾದ ಪ್ರೋಗ್ರಾಂ ಓಡಬೇಕಾದ ಸಿಸ್ಟಮ್, ಯಾವುದು ಅಂತ ಕಾರ್ಗೋ ಒಂದು ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಹೇಳುತ್ತದೆ. ಹೆಸರು ‘ಕಾರ್ಗೋ_ಸಿಎಫ್‌ಜಿ_ಟಾರ್ಗೆಟ್_ಓಎಸ್’, ಎಲ್ಲಾ ಕ್ಯಾಪಿಟಲ್ ಅಕ್ಷರ. ಇದನ್ನು ‘ಎಸ್‌ಟಿಡಿ::ಎನ್ವ್::ವಾರ್’ನಿಂದ ಓದಿ. ‘ಎನ್ವ್!’ ಮ್ಯಾಕ್ರೋ ಬೇಡ. ಅದು ಸ್ಕ್ರಿಪ್ಟ್ ಕಂಪೈಲ್ ಆಗುವಾಗಲೇ ಹುಡುಕುತ್ತದೆ, ಆಗ ಈ ವೇರಿಯಬಲ್ ಇನ್ನೂ ಹುಟ್ಟಿರೋದಿಲ್ಲ.

ಸಿಕ್ಕ ಹೆಸರನ್ನು ಪೂರ್ತಿಯಾಗಿ ಹೋಲಿಸಿ. ಕೆಲವರು ಟಾರ್ಗೆಟ್‌ನ ಇಡೀ ಹೆಸರಿರುವ ‘ಟಾರ್ಗೆಟ್’ ವೇರಿಯಬಲ್ ತೆಗೆದುಕೊಂಡು ಅದರಲ್ಲಿ ‘ವಿನ್’ ಇದೆಯಾ ಅಂತ ಹುಡುಕುತ್ತಾರೆ. ಮ್ಯಾಕ್‌ನ ಟಾರ್ಗೆಟ್ ಹೆಸರು ‘ಡಾರ್ವಿನ್’ ಅಂತ ಮುಗಿಯುತ್ತದೆ, ಅದರಲ್ಲೂ ‘ವಿನ್’ ಇದೆ! ಆಂಡ್ರಾಯ್ಡ್‌ಗೆ ಓಎಸ್ ಹೆಸರು ‘ಆಂಡ್ರಾಯ್ಡ್’ ಅಂತಲೇ ಬರುತ್ತದೆ, ‘ಲಿನಕ್ಸ್’ ಅಂತ ಅಲ್ಲ.

ಹಾಗಂತ ಲ್ಯಾಪ್‌ಟಾಪಿನ ಓಎಸ್ ಪೂರ್ತಿ ಬೇಡ ಅಂತಲ್ಲ. ಐಕಾನ್ ಸೇರಿಸಬೇಕಾ ಅನ್ನೋದನ್ನು ಟಾರ್ಗೆಟ್ ಹೇಳಬೇಕು. ಅದಕ್ಕೆ ಯಾವ ಟೂಲ್ ಕರೆಯಬೇಕು, ಮಿಂಗ್‌ಡಬ್ಲ್ಯೂನ ವಿಂಡ್‌ರೆಸ್ಸಾ ಅಥವಾ ಮೈಕ್ರೋಸಾಫ್ಟ್‌ನ ಆರ್‌ಸಿಯಾ ಅನ್ನೋವಾಗ ಬಿಲ್ಡ್ ನಡೆಯುವ ಮಷೀನನ್ನೂ ನೋಡಲೇಬೇಕು. ಅದು ‘ಹೋಸ್ಟ್’ ವೇರಿಯಬಲ್‌ನಲ್ಲಿ ಸಿಗುತ್ತದೆ. ಈ ‘ಹೋಸ್ಟ್’ ಪದದ ಬಗ್ಗೆ ಸ್ವಲ್ಪ ಹುಷಾರು. ಕಾರ್ಗೋದಲ್ಲೂ ಸಿಮೇಕ್ ಅನ್ನೋ ಇನ್ನೊಂದು ಬಿಲ್ಡ್ ಟೂಲ್‌ನಲ್ಲೂ ಅದು ಬಿಲ್ಡ್ ನಡೆಯುವ ಮಷೀನು. ಹಳೆಯ ಆಟೋಕಾನ್ಫ್ ಸ್ಕ್ರಿಪ್ಟ್‌ಗಳಲ್ಲಿ ಅದೇ ಪದಕ್ಕೆ ತಯಾರಾದ ಪ್ರೋಗ್ರಾಂ ಓಡುವ ಮಷೀನು ಅಂತ ಅರ್ಥ. ಎರಡನ್ನೂ ಒಂದೇ ಪ್ರಾಜೆಕ್ಟಲ್ಲಿ ಬಳಸುವವರಿಗೆ ತಲೆ ತಿರುಗೋದು ಇಲ್ಲೇ.

ಬದಲಾಯಿಸಿದ ಮೇಲೆ ‘ಕಾರ್ಗೋ:ವಾರ್ನಿಂಗ್=’ ಸಾಲಿನಲ್ಲಿ ಆ ಓಎಸ್ ಹೆಸರನ್ನು ಪ್ರಿಂಟ್ ಮಾಡಿಸಿ. ಒಮ್ಮೆ ವಿಂಡೋಸ್ ಟಾರ್ಗೆಟ್ ಕೊಟ್ಟು, ಇನ್ನೊಮ್ಮೆ ಏನೂ ಕೊಡದೆ ಬಿಲ್ಡ್ ಮಾಡಿ. ಮೊದಲ ಸಲ ‘ವಿಂಡೋಸ್’, ಎರಡನೇ ಸಲ ‘ಲಿನಕ್ಸ್’ ಬರಬೇಕು. ಎರಡು ಸಲವೂ ‘ಲಿನಕ್ಸ್’ ಬಂದರೆ ನಿಮ್ಮ ಬಿಲ್ಡ್.ಆರ್‌ಎಸ್ ಅನ್ನು ಇಲ್ಲಿ ಹಾಕಿ, ನೋಡೋಣ.